ಕಾಣದ ಡಬ್ಬಿಯ ಮೇಲಿನ ಅನುಮಾನ

ತೆಕ್ಕಲಕೋಟೆ ದಾಟಿ ಸಿರುಗುಪ್ಪದ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಭತ್ತದ ಗದ್ದೆಗಳು. ಅಲ್ಲಿ ನನ್ನ ಹಳೆಯ ಪೆಟ್ರೋಲ್ ಕಾರು ಮೊದಲ ಸಲ ಮುಗ್ಗರಿಸಿತು. ಪೂರ್ತಿ ನಿಲ್ಲಲಿಲ್ಲ. ಓಡುವವನ ಚಪ್ಪಲಿಯ ಉಂಗುಟ ಕಿತ್ತಂತೆ ಒಂದು ಹೆಜ್ಜೆ ತಪ್ಪಿ, ಮತ್ತೆ ನಾಲ್ಕು ಹೆಜ್ಜೆ ಸರಿಯಾಗಿ ಇಟ್ಟು, ಮತ್ತೆ ತಪ್ಪುತ್ತಿತ್ತು. ನಮ್ಮ ಕಡೆ ಇದಕ್ಕೆ ‘ಮಿಸ್ಸಿಂಗ್’ ಎನ್ನುತ್ತಾರೆ. ಹದಿನೈದು ದಿನಕ್ಕೊಮ್ಮೆ ಅವ್ವನನ್ನು ಸಿರುಗುಪ್ಪದಿಂದ ಬಳ್ಳಾರಿಯ ಆಸ್ಪತ್ರೆಗೆ ಕರೆತರುವ ಗಾಡಿ ಅದು.

ಬಳ್ಳಾರಿಯ ಒಂದು ವರ್ಕ್‌ಶಾಪಿನ ಹುಡುಗ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದ. ಪರದೆಯ ಮೇಲೆ ಪಿ0300 ಎಂದು ಬಂತು. ‘ಇಸಿಎಂ ಹೋಗೇತಿ ಸರ್, ಹೊಸದು ಹಾಕಬೇಕು. ಕೀ ಕೂಡ ಅದಕ್ಕೆ ಹೊಂದಿಸಬೇಕು, ಎಲ್ಲಾ ಸೇರಿ ಮೂವತ್ತೆರಡು ಸಾವಿರ’ ಎಂದ. ಮಾರಿದರೆ ಲಕ್ಷವೂ ಬಾರದ ಗಾಡಿಗೆ ಮೂವತ್ತೆರಡು ಸಾವಿರ! ಯೋಚಿಸಿ ಹೇಳುತ್ತೇನೆಂದು ಬಂದೆ.

ಪಿ0300 ಎಂದರೆ ಯಾವುದೋ ಒಂದೇ ಸಿಲಿಂಡರ್ ಅಲ್ಲ, ಅಲ್ಲೊಮ್ಮೆ ಇಲ್ಲೊಮ್ಮೆ ಕಿಡಿ ಅಥವಾ ಉರಿ ತಪ್ಪುತ್ತಿದೆ ಎಂಬ ವರದಿ. ಒಂದನೆಯದೇ ತಪ್ಪಿದ್ದರೆ ಪಿ0301, ಎರಡನೆಯದಾದರೆ ಪಿ0302. ಇದು ಕಂಪ್ಯೂಟರಿಗೆ ಗೊತ್ತಾಗುವ ಬಗೆ ಸೊಗಸಾಗಿದೆ. ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸಿದ ಹಲ್ಲುಚಕ್ರವೊಂದನ್ನು ಸೆನ್ಸರ್ ಎಣಿಸುತ್ತಿರುತ್ತದೆ. ಪ್ರತಿ ಉರಿಗೂ ಶಾಫ್ಟ್ ತುಸು ಚುರುಕಾಗುತ್ತದೆ, ಉರಿ ತಪ್ಪಿದರೆ ತುಸು ಮಂದವಾಗುತ್ತದೆ. ನಿಮಿಷಕ್ಕೆ 3000 ಸುತ್ತು ಓಡುವ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸೆಕೆಂಡಿಗೆ 100 ಉರಿ. ಅದರಲ್ಲಿ ಒಂದು ತಪ್ಪಿದರೂ ಈ ಲೆಕ್ಕಕ್ಕೆ ಸಿಗುತ್ತದೆ. ಅಂದರೆ ಕಾಯಿಲೆಯ ಸುದ್ದಿ ತಂದದ್ದು ಕಂಪ್ಯೂಟರು, ಅಪರಾಧಿಯೆಂದು ಹಿಡಿದದ್ದೂ ಅದನ್ನೇ.

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಈ ಲೆಕ್ಕವನ್ನು ಕಿವಿ ಮಾಡುತ್ತಿತ್ತು. ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತಿದ್ದರು. ಕಿತ್ತಾಗ ಸದ್ದು ಇಳಿದರೆ ಆ ಸಿಲಿಂಡರ್ ಜೀವಂತ, ಇಳಿಯದಿದ್ದರೆ ಅದೇ ಸತ್ತದ್ದು. ಪ್ಲಗ್ಗನ್ನು ಬಿಚ್ಚಿ ಮಸಿಯ ಬಣ್ಣ ನೋಡಿ, ತಂತಿ ಬ್ರಶ್ಶಿನಿಂದ ಉಜ್ಜುತ್ತಿದ್ದರು. ಆ ಪ್ಲಗ್ಗುಗಳಲ್ಲಿ ಬಹಳಷ್ಟು ನಮ್ಮ ಬೆಂಗಳೂರಿನವೇ. 1951ರಲ್ಲಿ ಶುರುವಾದ ಮೈಕೋ ಕಂಪನಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸುವವರೆಗೂ, ಜನರ ಬಾಯಲ್ಲಿ ಪ್ಲಗ್ಗಿನ ಇನ್ನೊಂದು ಹೆಸರಾಗಿತ್ತು. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟುಗಳನ್ನು ಎಮರಿ ಕಾಗದದಿಂದ ತಿಕ್ಕಿದರೆ ಅರ್ಧ ರೋಗ ಹೋಗುತ್ತಿತ್ತು. ಹೋಗದಿದ್ದರೆ? ‘ಕಂಡೆನ್ಸರ್ ಹೋಗಿದೆ’ ಎನ್ನುತ್ತಿದ್ದರು. ಬೆರಳಿನಷ್ಟು ಗಾತ್ರದ, ಬಿಚ್ಚಿ ನೋಡಲಾಗದ ಡಬ್ಬಿ ಅದು. ಅಂದು ಅನುಮಾನ ಬೀಳುತ್ತಿದ್ದದ್ದು ಅದರ ಮೇಲೆ. ಕಂಡೆನ್ಸರಿಗೆ ಬೆಲೆ ಕಡಿಮೆ ಇತ್ತು ಅಷ್ಟೇ, ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಕಾರ್ಬೊರೇಟರಿನ ಗಾಡಿಯೇ. ಅದನ್ನು ಬದಲಿಸಿದ್ದು ದಿಲ್ಲಿಯ ಹೊಗೆ. ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ರಾಜಧಾನಿ ಪ್ರದೇಶದ ಹೊಸ ಕಾರುಗಳಿಗೆ ಯೂರೋ ಮಾನದಂಡ ವಿಧಿಸಿತು. 2000ದ ಫೆಬ್ರುವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂತು. ಹೊಗೆಯನ್ನು ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಸೀಸ ವಿಷ. ಇನ್ನೊಂದು ವಿಷ ಈ ಮಿಸ್ಸಿಂಗು: ಉರಿಯದೆ ಉಳಿದ ಪೆಟ್ರೋಲು ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿದು ಅದನ್ನೇ ಸುಡುತ್ತದೆ. ಹಾಗಾಗಿ ಪೆಟ್ರೋಲನ್ನು ಅಳೆದು ಹನಿಸುವ ಇಂಜೆಕ್ಟರು, ಅದನ್ನು ಆಳುವ ಕಂಪ್ಯೂಟರು, ಮುಗ್ಗರಿಕೆಯ ಮೇಲೆ ನಿಗಾ, ಎಲ್ಲವೂ ಒಂದರ ಹಿಂದೆ ಒಂದು ಬಂದವು. ಅಮೆರಿಕದಲ್ಲಿ 1996ರ ಹೊತ್ತಿಗೆ ಈ ಸ್ವಯಂ ತಪಾಸಣೆ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಗಿತ್ತು. ನಮ್ಮಲ್ಲಿ ಭಾರತ್ ಸ್ಟೇಜ್ 4 ಬೆಂಗಳೂರೂ ಸೇರಿ 13 ನಗರಗಳಿಗೆ 2010ರಲ್ಲಿ ಬಂದರೆ, ಬಳ್ಳಾರಿಯಂಥ ಊರುಗಳೂ ಸೇರಿ ಇಡೀ ದೇಶಕ್ಕೆ ಬಂದದ್ದು 2017ರಲ್ಲಿ. ಮೂರೇ ವರ್ಷಕ್ಕೆ ಸ್ಟೇಜ್ 6. ಕಿವಿಯಿಂದ ಕಲಿತವರಿಗೆ ಸ್ಕ್ಯಾನರ್ ಕಲಿಯಲು ಸಿಕ್ಕ ಸಮಯ ಬಹಳವಿಲ್ಲ. ವರ್ಕ್‌ಶಾಪಿನ ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲದಿರುವುದು ಇದಕ್ಕೇ.

ಪರಿಚಯದವರೊಬ್ಬರು ಕುರುಗೋಡಿಗೆ ಹೋಗಿ ಎಂದರು. ದೊಡ್ಡ ಬಸವೇಶ್ವರನ ಗುಡಿಗೆ ಹೋಗುವ ಭಕ್ತರ ಗಾಡಿಗಳನ್ನೂ ಟ್ರ್ಯಾಕ್ಟರುಗಳನ್ನೂ ರಿಪೇರಿ ಮಾಡುವ, ಅರವತ್ತು ದಾಟಿದ ಮೇಸ್ತ್ರಿ. ನಾನು ಕಂಪ್ಯೂಟರಿನ ಮಾತೆತ್ತಿದೆ.

‘ಮನ್ಯಾಗಿನ ಬಲ್ಬು ಮಿಣಿಮಿಣಿ ಅಂದ್ರೆ ಬೀದಿ ಟ್ರಾನ್ಸ್‌ಫಾರ್ಮರ್ ಬದಲಿಸ್ತೀರೇನ್ ಸರ್? ಮೊದ್ಲು ಹೋಲ್ಡರ್ ನೋಡ್ತೀರಿ’ ಎಂದರು.

ನಾಲ್ಕೂ ಪ್ಲಗ್ ತೆಗೆದು ಬಿಳಿಯ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಎಲ್ಲದರ ಬಣ್ಣವೂ ಒಂದೇ. ಕಾಯಿಲುಗಳನ್ನು ಒಂದರ ಜಾಗಕ್ಕೆ ಇನ್ನೊಂದು ಹಾಕಿದರು. ಕೆಟ್ಟ ಕಾಯಿಲಿದ್ದರೆ ಮಿಸ್ಸಿಂಗ್ ಅದರ ಜೊತೆಗೇ ಜಾಗ ಬದಲಿಸಿ ಕೋಡಿನ ಕೊನೆಯ ಅಂಕಿಯಲ್ಲಿ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳಲಿಲ್ಲ, ಮತ್ತೆ ಪಿ0300. ಆಗ ಕೇಳಿದರು: ‘ಎಸಿ, ಹೆಡ್‌ಲೈಟು ಹಾಕಿದಾಗ ಜಾಸ್ತಿ ಆಗತೈತೇನ್ರಿ?’ ನಾನು ಗಮನಿಸಿಯೇ ಇರಲಿಲ್ಲ. ಹಾಕಿ ನೋಡಿದರೆ, ಹೌದು!

ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಒತ್ತಿದರು. ಅರ್ಥ್ ಸರಿಯಿದ್ದರೆ ಸೊನ್ನೆಯ ಹತ್ತಿರ ಇರಬೇಕಾದ ಅಂಕಿ ಅರ್ಧ ವೋಲ್ಟು ದಾಟಿತ್ತು. ಗೇರ್‌ಬಾಕ್ಸಿಗೆ ಬಿಗಿದ ಅರ್ಥ್ ಕೇಬಲಿನ ತುದಿಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ಕಾಯಿಲು, ಸೆನ್ಸರು, ಕಂಪ್ಯೂಟರು, ಎಲ್ಲದರ ಲೆಕ್ಕವೂ ನಿಲ್ಲುವುದು ಆ ಅರ್ಥ್ ಮೇಲೆ. ಅದೇ ಅಲುಗಾಡಿದರೆ ಮೇಲಿನದೆಲ್ಲ ಅಲುಗಾಡುತ್ತದೆ. ಬೋಲ್ಟು ಉಜ್ಜಿ, ಹೊಸ ಕೇಬಲ್ ಹಾಕಿ, ಮುನ್ನೂರೈವತ್ತು ರೂಪಾಯಿ ತೆಗೆದುಕೊಂಡರು. ಹಳೆಯ ಕೇಬಲನ್ನು ನನ್ನ ಕೈಗೇ ಕೊಟ್ಟರು.

ಮುಂದಿನ ಸೋಮವಾರ ಅವ್ವನನ್ನು ಕೂರಿಸಿಕೊಂಡು ಹೊರಟೆ. ತೆಕ್ಕಲಕೋಟೆ ಹತ್ತಿರ ಬೇಕೆಂದೇ ಎಸಿ, ಹೆಡ್‌ಲೈಟು ಎರಡನ್ನೂ ಹಾಕಿದೆ. ‘ಹಗಲೊತ್ತಿನಾಗ ಲೈಟ್ ಯಾಕೋ?’ ಎಂದಳು ಅವ್ವ.