ಕಲ್ಲಿನ ಶಾಸನ, ಕಚೇರಿಯ ಕಡತ

ಶಾಲೆಯೊಂದು ನೂರು ವರ್ಷಗಳನ್ನು ಪೂರೈಸಿದ ಸಂದರ್ಭದಲ್ಲಿ ಅದು ನೆಲೆನಿಂತ ನಾಡಿನ ಚರಿತ್ರೆಯನ್ನೂ ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ. ಬೇರಿಕೆಯ ಸುತ್ತಲಿನ ಈ ಸೀಮೆಯ ಚರಿತ್ರೆಗೆ ಎರಡು ಬಗೆಯ ಆಧಾರಗಳಿವೆ. ಒಂದು, ಗುಡಿಯ ಮುಂದೆ, ಕೆರೆಯ ಏರಿಯ ಬಳಿ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳು. ಇನ್ನೊಂದು, ಕಂದಾಯ ಕಚೇರಿ ಮತ್ತು ನ್ಯಾಯಾಲಯಗಳ ಕಡತಗಳು. ಮೊದಲನೆಯದನ್ನು ಯುದ್ಧದ ಸ್ಮಾರಕವೆಂದೂ ಎರಡನೆಯದನ್ನು ನ್ಯಾಯದ ದಾಖಲೆಯೆಂದೂ ನಾವು ಇಂದು ಬೇರೆಬೇರೆಯಾಗಿ ಕಾಣುತ್ತೇವೆ. ನಮ್ಮ ಪೂರ್ವಿಕರು ಅನೇಕ ವೇಳೆ ಇವೆರಡನ್ನೂ ಒಂದೇ ಕಲ್ಲಿನ ಮೇಲೆ ಬರೆಸಿದ್ದರು.

ವೀರಗಲ್ಲಿನ ರಚನೆ ನಮ್ಮಲ್ಲಿ ಬಹುಮಂದಿಗೆ ಪರಿಚಿತವೇ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ವೀರನ ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ತುರು ಕಾಯುತ್ತ, ಊರು ಉಳಿಸುತ್ತ, ಒಡೆಯನಿಗಾಗಿ ಹೋರಾಡುತ್ತ ಮಡಿದವರ ನೆನಪಿಗೆ ಇವನ್ನು ನಿಲ್ಲಿಸುತ್ತಿದ್ದರು. ಬರಹವಿರುವ ಕಲ್ಲುಗಳನ್ನು ಓದಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಮಡಿದವನ ಕುಟುಂಬಕ್ಕೆ ಕೊಟ್ಟ ಭೂಮಿಯ ವಿವರ ಹಲವು ಕಲ್ಲುಗಳಲ್ಲಿದೆ. ಇದನ್ನು ನೆತ್ತರುಗೊಡಗೆ ಎಂದೂ ಕಲ್ನಾಡು ಎಂದೂ ಕರೆಯುತ್ತಿದ್ದರು. ಈ ದಾನಕ್ಕೆ ತಪ್ಪಿದವನಿಗೆ ಮಹಾಪಾತಕ ತಗಲುವುದೆಂಬ ಎಚ್ಚರಿಕೆಯೂ ಕೊನೆಯಲ್ಲಿ ಇರುವುದುಂಟು. ಹೀಗೆ, ತಂದೆಯನ್ನು ಕಳೆದುಕೊಂಡ ಮಕ್ಕಳಿಗೆ ಆ ಕಲ್ಲೇ ಹಕ್ಕುಪತ್ರವಾಗಿತ್ತು.

ಇದಕ್ಕೆ ಉತ್ತಮ ನಿದರ್ಶನ ದೂರದಲ್ಲೇನೂ ಇಲ್ಲ. ಹೊಸೂರಿನಿಂದ ಬೆಂಗಳೂರಿಗೆ ಹೋಗುವ ದಾರಿಗೆ ಸಮೀಪದ ಬೇಗೂರಿನಲ್ಲಿ ದೊರೆತ, ಸಾವಿರ ವರ್ಷಕ್ಕೂ ಹಿಂದಿನ ವೀರಗಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತುಂಬೆಪಾಡಿಯಲ್ಲಿ ನೊಳಂಬರ ಸೈನ್ಯದೊಡನೆ ಕಾದಿ ಮಡಿದ ನಾಗತ್ತರನ ಸ್ಮಾರಕವದು. ಆನೆ, ಕುದುರೆ, ಕಾಲಾಳುಗಳ ಕಾಳಗವನ್ನು ಅದರಲ್ಲಿ ಕಂಡರಿಸಿದ್ದಾರೆ. ನಾಗತ್ತರನ ಮರಣದ ನಂತರ ಗಂಗ ದೊರೆ ಎರೆಯಪ್ಪನು ಇರುಗನೆಂಬವನಿಗೆ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ಸಂಗತಿ ಅದೇ ಕಲ್ಲಿನಲ್ಲಿದೆ. ಅದೇ ಸಂಗ್ರಹಾಲಯದ ಆತಕೂರು ಶಾಸನವು, ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನನ್ನೂ ಹಂದಿಯೊಡನೆ ಹೋರಾಡಿ ಸತ್ತ ಅವನ ನಾಯಿ ಕಾಳಿಯನ್ನೂ ಸ್ಮರಿಸುತ್ತದೆ. ನಾಯಿಯ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟು, ಪೂಜಿಸದೆ ಅದರ ಫಲ ಉಣ್ಣುವವನು ಪಾಪಕ್ಕೆ ಗುರಿಯಾಗುವನೆಂದು ವಿಧಿಸಿದ್ದಾರೆ. ಆ ಯುದ್ಧ ನಡೆದ ತಕ್ಕೋಲ ಇಂದಿನ ತಮಿಳುನಾಡಿನಲ್ಲಿದೆ. ಅದರ ನೆನಪು ಕನ್ನಡ ಶಾಸನದಲ್ಲಿ ಉಳಿದಿದೆ.

ನಮ್ಮ ಸೀಮೆಯೂ ಅನೇಕ ಸೈನ್ಯಗಳು ಹಾದುಹೋದ ನೆಲ. ನೊಳಂಬರ ಬಳಿಕ ಚೋಳರು ಬಂದರು. 13ನೆಯ ಶತಮಾನದ ಉತ್ತರಾರ್ಧದಲ್ಲಿ ಹೊಯ್ಸಳ ರಾಮನಾಥನು ಕುಂದಾಣಿಯಿಂದ ಆಳಿದನು. ಮುಂದೆ ಬೇರಿಕೆ, ಬಾಗಲೂರು, ಶೂಲಗಿರಿಗಳು ಪಾಳೆಯಗಾರರ ನೆಲೆಗಳಾದವು. 1768ರಲ್ಲಿ ಹೈದರಾಲಿಯು ಹೊಸೂರಿಗೆ ಮುತ್ತಿಗೆ ಹಾಕಿದಾಗ ಕರ್ನಲ್ ವುಡ್ ಎಂಬ ಆಂಗ್ಲ ಸೇನಾನಿ ನೆರವಿಗೆ ಧಾವಿಸಿದನು. ಭಾರಿ ಫಿರಂಗಿಗಳನ್ನೂ ಸಾಮಾನು ಸರಂಜಾಮುಗಳನ್ನೂ ಅವನು ಬಾಗಲೂರಿನಲ್ಲಿ ಬಿಟ್ಟು ಹೋಗಿದ್ದನು. ಹೈದರನು ಅಲ್ಲಿಗೇ ನುಗ್ಗಿ ಅವನ್ನು ವಶಪಡಿಸಿಕೊಂಡನು. 1791ರಲ್ಲಿ ಹೊಸೂರು ಕೋಟೆ ಕಾರ್ನ್‌ವಾಲಿಸನ ಸೈನ್ಯದ ಕೈಸೇರಿತು. ಚರಿತ್ರೆಯ ಪುಸ್ತಕಗಳಲ್ಲಿ ಸೇನಾನಿಗಳ ಹೆಸರುಗಳಿವೆ. ಆ ದಂಡುಗಳ ಮೂಟೆ ಹೊತ್ತವರು, ಎತ್ತು ಹೊಡೆದವರು ಯಾರೆಂಬುದು ಅಲ್ಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಹೊಸೂರು ಸೀಮೆ ಕಂಪನಿ ಸರ್ಕಾರಕ್ಕೆ ಸೇರಿ, ಸೇಲಂ ಜಿಲ್ಲೆಯ ಭಾಗವಾಯಿತು. ಅಂದಿನಿಂದ ಭೂಮಿಯ ಹಕ್ಕು ಕಲ್ಲಿನಿಂದ ಕಾಗದಕ್ಕೆ ಬಂದಿತು. 1816ರ ಮದರಾಸು ಕಾಯಿದೆಯು ಗ್ರಾಮದ ಮುಖ್ಯಸ್ಥನನ್ನು ಮುನ್ಸೀಫನನ್ನಾಗಿ ಮಾಡಿ, 10 ರೂಪಾಯಿವರೆಗಿನ ವ್ಯಾಜ್ಯಗಳನ್ನು ತೀರ್ಮಾನಿಸುವ ಅಧಿಕಾರವನ್ನು ಕೊಟ್ಟಿತು. ಸಾಮಾನ್ಯ ರೈತನ ಪಾಲಿಗೆ ಊರಿನ ಮುನ್ಸೀಫನೆದುರಿನ ಜಗುಲಿಯೇ ನ್ಯಾಯಾಲಯ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ರಾಜಾಜಿಯವರ ತಂದೆ ಅಂಥ ಒಬ್ಬ ಗ್ರಾಮ ಮುನ್ಸೀಫರು. ಆ ಮನೆಯ ಮಗ ವಕೀಲರಾಗಿ, ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದದ್ದು ನಮ್ಮ ಸೀಮೆಯ ಹೆಮ್ಮೆ.

ಕಾಗದದ ಕಾಲದಲ್ಲಿ ಸ್ಮಾರಕದ ಸ್ವರೂಪವೂ ಬದಲಾಯಿತು. ಮೊದಲನೆಯ ಮಹಾಯುದ್ಧದ ನಂತರ ಬ್ರಿಟಿಷ್ ಸರ್ಕಾರ ದೇಶದ ಅನೇಕ ಊರುಗಳಲ್ಲಿ ಕಲ್ಲಿನ ಫಲಕಗಳನ್ನು ಹಾಕಿಸಿತು. ಈ ಊರಿನಿಂದ ಯುದ್ಧಕ್ಕೆ ಹೋದವರು ಇಷ್ಟು ಮಂದಿ, ಮಡಿದವರು ಇಷ್ಟು ಮಂದಿ ಎಂಬ ಲೆಕ್ಕವೇ ಅವುಗಳ ಒಕ್ಕಣೆ, ಹೆಸರುಗಳಿಲ್ಲ. ದೆಹಲಿಯ ಇಂಡಿಯಾ ಗೇಟಿನ ಮೇಲೆ 13 ಸಾವಿರಕ್ಕೂ ಹೆಚ್ಚು ಹೆಸರುಗಳಿವೆಯಾದರೂ ಹಳ್ಳಿಯ ತಾಯಿಗೆ ಅದು ಎಷ್ಟು ದೂರ! ನಾಗತ್ತರನ ಹೆಸರು ಸಾವಿರ ವರ್ಷಗಳ ಬಳಿಕವೂ ತಿಳಿಯುತ್ತದೆ. ನೂರು ವರ್ಷದ ಹಿಂದೆ ಸಮುದ್ರ ದಾಟಿ ಹೋದವನು ತನ್ನ ಊರಿನಲ್ಲೇ ಒಂದು ಅಂಕಿಯಾದನು.

1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಬೇರಿಕೆ ಮದರಾಸು ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ನಮ್ಮ ಜಿಲ್ಲೆಯಾಯಿತು. ಕಚೇರಿಯ ಭಾಷೆ ತಮಿಳು. ಅದನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಕೃಷ್ಣಗಿರಿಯ ವಸ್ತುಸಂಗ್ರಹಾಲಯ ವೀರಗಲ್ಲುಗಳನ್ನು ಕಾಪಾಡುತ್ತಿರುವುದು ಸಂತೋಷದ ವಿಷಯ. ಆದರೆ ಬಯಲಿನಲ್ಲಿ ಉಳಿದ ಕನ್ನಡ ಬರಹದ ಕಲ್ಲನ್ನು ಗುರುತಿಸಬಲ್ಲವರು ಇಲ್ಲಿ ಯಾರು? ಕನ್ನಡ ಅಕ್ಷರ ಬಲ್ಲ ನಮ್ಮ ವಿದ್ಯಾರ್ಥಿಗಳೇ. ಹಳೆಯ ಲಿಪಿಯನ್ನು ಓದಲು ವಿದ್ವಾಂಸರು ಬೇಕು. ಇದು ಬರಹದ ಕಲ್ಲು, ಇದರ ಮೇಲೆ ಬಟ್ಟೆ ಒಗೆಯಬಾರದು, ಮನೆಯ ಪಾಯಕ್ಕೆ ಹಾಕಬಾರದು ಎಂದು ಹೇಳಲು ಐದನೆಯ ತರಗತಿಯ ಬಾಲಕಿಯೂ ಸಾಕು. ಕನ್ನಡ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗಿದಂತೆ ಈ ಕಲ್ಲುಗಳಿಗೆ ಹೀಗೆ ಹೇಳುವವರೂ ಇಲ್ಲವಾಗುತ್ತಾರೆ ಎಂಬುದೇ ನಮ್ಮ ಚಿಂತೆ.

ಆದುದರಿಂದ ಪೋಷಕರಲ್ಲಿ ಮತ್ತು ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ವಿನಂತಿ. ತಮ್ಮ ಹೊಲ, ತೋಟ, ಗುಡಿಗಳ ಬಳಿ ವೀರಗಲ್ಲು, ಮಾಸ್ತಿಕಲ್ಲುಗಳಿದ್ದರೆ ಅವನ್ನು ಕದಲಿಸದೆ, ಸುಣ್ಣ ಬಣ್ಣ ಬಳಿಯದೆ, ಇರುವ ಸ್ಥಳವನ್ನು ಶಾಲೆಗೆ ತಿಳಿಸಬೇಕು. ಮನೆಯ ಹಿರಿಯರು ಸೈನ್ಯಕ್ಕೆ ಸೇರಿದ್ದರೆ ಅವರ ಹೆಸರನ್ನೂ, ಹಳೆಯ ಕ್ರಯಪತ್ರ, ತೀರ್ಪಿನ ನಕಲುಗಳಿದ್ದರೆ ಅವುಗಳ ವಿವರವನ್ನೂ ಬರೆಸಬೇಕು. ಇವೆಲ್ಲವನ್ನೂ ಒಂದು ಪುಸ್ತಕದಲ್ಲಿ ಊರುವಾರು ದಾಖಲಿಸಿ ಶಾಲೆಯಲ್ಲಿ ಇರಿಸೋಣ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಶಾಲೆಯ ಮಕ್ಕಳಿಗೆ ಅದು ತಮ್ಮ ಊರಿನ ಚರಿತ್ರೆಯ ಮೊದಲ ಪಾಠವಾಗಲಿ.