ಲಿನಕ್ಸ್ ಕಂಪ್ಯೂಟರ್‌ಗೆ ಎಸ್‌ಎಸ್‌ಡಿ: ಆಯ್ಕೆ ಮತ್ತು ಅಳವಡಿಕೆ

ಎಸ್‌ಎಸ್‌ಡಿ ಅಥವಾ ಸಾಲಿಡ್ ಸ್ಟೇಟ್ ಡ್ರೈವ್ ಎಂದರೆ ನ್ಯಾಂಡ್ ಫ್ಲ್ಯಾಶ್ ಚಿಪ್‌ಗಳಲ್ಲಿ ದತ್ತಾಂಶ ಉಳಿಸಿಡುವ, ಒಳಗೆ ಚಲಿಸುವ ಭಾಗಗಳೇ ಇಲ್ಲದ ಸಂಗ್ರಹ ಸಾಧನ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ಬೇಕಾದ ಜಾಗ ಹೆಡ್‌ನ ಕೆಳಗೆ ಬರುವುದಕ್ಕೇ ಸರಾಸರಿ 4 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಕು. ಎಸ್‌ಎಸ್‌ಡಿ ಸಣ್ಣ ಓದನ್ನು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಮುಗಿಸುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಮತ್ತೆ ಬಳಕೆಗೆ ತರಬೇಕೆನ್ನುವವರಿಗೆ ಇದಕ್ಕಿಂತ ಹೆಚ್ಚು ಫಲ ಕೊಡುವ ಖರ್ಚು ಇನ್ನೊಂದಿಲ್ಲ.

ಲಿನಕ್ಸ್ ಕರ್ನಲ್ ಎಸ್‌ಎಸ್‌ಡಿಗಳಿಗೆ ಹೊಂದಿಕೊಂಡು ಬಹಳ ಕಾಲವಾಯಿತು. ಸೇಟಾ ಎಂಬ ಹಳೆಯ ಬಗೆಯ ಸಂಪರ್ಕ ಬಳಸುವ ಡ್ರೈವ್‌ಗಳಿಗೆ, ಮುಂದೆ ವಿವರಿಸುವ ಟ್ರಿಮ್ ಆದೇಶ 2010ರ 2.6.33 ಆವೃತ್ತಿಯಲ್ಲಿ ಬಂತು, ಪಿಸಿಐಇ ಸಂಪರ್ಕದ ಮೂಲಕ ನಡೆಯುವ, ಹೆಚ್ಚು ವೇಗದ ಎನ್‌ವಿಎಂಇ ಡ್ರೈವ್‌ಗಳ ಚಾಲಕ 2012ರ 3.3ರಲ್ಲಿ. ಆ ಕಾಲದ ಎಸ್‌ಎಸ್‌ಡಿಗಳು ದುಬಾರಿ, ಗಾತ್ರದಲ್ಲಿ ಸಣ್ಣವು. ಬೇಗ ಸವೆದುಹೋದಾವು ಎಂಬ ಆತಂಕದಲ್ಲಿ ಹುಟ್ಟಿದ ಸಲಹೆಗಳು ಇಂದಿಗೂ ಕೈಯಿಂದ ಕೈಗೆ ಸಾಗುತ್ತಿವೆ. ಅವುಗಳಲ್ಲಿ ಹೆಚ್ಚಿನವನ್ನು ಈಗ ಪಾಲಿಸಬೇಕಿಲ್ಲ.

ಫ್ಲ್ಯಾಶ್ ಸ್ಮೃತಿಯಲ್ಲಿ ಬರೆಯುವುದು ಪುಟದ ಲೆಕ್ಕದಲ್ಲಿ, ಅಳಿಸುವುದು ನೂರಾರು ಪುಟಗಳ ಬ್ಲಾಕ್‌ನ ಲೆಕ್ಕದಲ್ಲಿ. ಸ್ಲೇಟಿನ ಒಂದು ಅಕ್ಷರ ತಿದ್ದಲು ಇಡೀ ಸ್ಲೇಟನ್ನೇ ಒರೆಸಬೇಕಾದಂಥ ಸ್ಥಿತಿ ಇದು. ಹಾಗಾಗಿ ಡ್ರೈವ್‌ನ ಕಂಟ್ರೋಲರ್ ಹಳೆಯ ಪುಟವನ್ನು ಮುಟ್ಟದೆ ಹೊಸದನ್ನು ಬೇರೆಡೆ ಬರೆಯುತ್ತದೆ. ಬಿಡುವಾದಾಗ ಬ್ಲಾಕ್‌ನಲ್ಲಿ ಉಪಯೋಗದಲ್ಲಿರುವ ಪುಟಗಳನ್ನು ಮಾತ್ರ ಬೇರೆಡೆಗೆ ಸಾಗಿಸಿ, ಇಡೀ ಬ್ಲಾಕನ್ನು ಅಳಿಸುತ್ತದೆ. ಬಳಕೆದಾರ ಒಂದು ಕಡತ ಅಳಿಸಿದಾಗ ಫೈಲ್ ಸಿಸ್ಟಮ್ ತನ್ನ ಪಟ್ಟಿಯಲ್ಲಷ್ಟೇ ಅದನ್ನು ತೆಗೆದುಹಾಕುತ್ತದೆ, ಡ್ರೈವ್‌ಗೆ ಅದರ ಸುಳಿವು ಸಿಗುವುದಿಲ್ಲ. ಯಾರಿಗೂ ಬೇಡವಾದ ಪುಟಗಳನ್ನು ಅದು ಅತ್ತಿಂದಿತ್ತ ಹೊರುತ್ತಲೇ ಇರುತ್ತದೆ. ವೇಗವೂ ಆಯುಷ್ಯವೂ ಕಡಿಮೆಯಾಗುತ್ತವೆ. ಇಂಥ ಪುಟಗಳು ಇನ್ನು ಬೇಡವೆಂದು ಕಾರ್ಯನಿರ್ವಹಣಾ ವ್ಯವಸ್ಥೆ ಡ್ರೈವ್‌ಗೆ ತಿಳಿಸುವ ಆದೇಶವೇ ಟ್ರಿಮ್.

ಕೊಳ್ಳುವ ಮೊದಲು ನೋಡಬೇಕಾದದ್ದು ಕಂಪ್ಯೂಟರ್‌ನಲ್ಲಿ ಯಾವ ಜಾಗವಿದೆ ಎಂಬುದನ್ನು. ಹಳೆಯ ಯಂತ್ರಗಳಿಗೆ 2.5 ಇಂಚಿನ ಸೇಟಾ ಡ್ರೈವ್ ಹಿಡಿಸುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಲ್ಲುತ್ತದೆ. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ನೋಡಲು ಒಂದೇ ತೆರನಾದ ಎರಡು ಎಂ.2 ಪಟ್ಟಿಗಳಲ್ಲಿ ಒಂದು ಸೇಟಾ, ಇನ್ನೊಂದು ಎನ್‌ವಿಎಂಇ ಆಗಿರಬಹುದು. ಎನ್‌ವಿಎಂಇಗೆಂದೇ ಇರುವ ಸ್ಲಾಟಿನಲ್ಲಿ ಸೇಟಾ ಪಟ್ಟಿ ಸಲೀಸಾಗಿ ಕೂತರೂ ಕೆಲಸ ಮಾಡುವುದಿಲ್ಲ. ಉದ್ದವನ್ನೂ ಅಳೆದು ನೋಡಬೇಕು: 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 2242 ಅಥವಾ 2230 ಮಾತ್ರ ಹಿಡಿಸುತ್ತದೆ. ಪಿಸಿಐಇ 4.0 ಡ್ರೈವ್ 3.0 ಸ್ಲಾಟಿನಲ್ಲಿ ನಡೆಯುತ್ತದೆ, ವೇಗ ಮಾತ್ರ ಸೆಕೆಂಡಿಗೆ 7000 ಎಂಬಿಯ ಬದಲು 3500ರ ಹತ್ತಿರಕ್ಕೆ ಇಳಿಯುತ್ತದೆ. ನಿತ್ಯದ ಬಳಕೆಯಲ್ಲಿ ಆ ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ. ಅದಕ್ಕೆ ಹೆಚ್ಚು ಹಣ ತೆರುವ ಬದಲು ಅದೇ ಹಣದಲ್ಲಿ ದೊಡ್ಡ ಗಾತ್ರದ ಡ್ರೈವ್ ಕೊಳ್ಳುವುದು ಲೇಸು.

ಪ್ರತಿ ಕೋಶದಲ್ಲಿ 3 ಬಿಟ್ ಹಿಡಿಯುವ ಟಿಎಲ್‌ಸಿ ಮತ್ತು 4 ಬಿಟ್ ಹಿಡಿಯುವ ಕ್ಯೂಎಲ್‌ಸಿ ಇಂದು ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುತ್ತವೆ. ಕ್ಯೂಎಲ್‌ಸಿ ಅಗ್ಗ. ಆದರೆ ವೇಗದ ಬಫರ್ ತುಂಬಿದ ಮೇಲೆ ದೊಡ್ಡ ಕಡತ ಬರೆಯುವಾಗ ಅದರ ವೇಗ ಸೆಕೆಂಡಿಗೆ 100 ಎಂಬಿ ಆಸುಪಾಸಿಗೆ ಕುಸಿಯುವುದುಂಟು. ಲಿನಕ್ಸ್ ಇರುವ ಮುಖ್ಯ ಡ್ರೈವ್‌ಗೆ ಟಿಎಲ್‌ಸಿಯೇ ಸರಿ. ತಯಾರಕರು ಕೊಡುವ ಟಿಬಿಡಬ್ಲ್ಯೂ ಅಂಕಿ ವಾರಂಟಿಯ ಅವಧಿಯಲ್ಲಿ ಎಷ್ಟು ಟೆರಾಬೈಟ್ ಬರೆಯಬಹುದೆಂದು ಹೇಳುತ್ತದೆ. 1 ಟಿಬಿ ಟಿಎಲ್‌ಸಿ ಡ್ರೈವ್‌ಗಳಲ್ಲಿ 600 ಸಾಮಾನ್ಯ ಅಂಕಿ. ದಿನಕ್ಕೆ 20 ಜಿಬಿ ಬರೆದರೂ ಅದು ಮುಗಿಯಲು 80 ವರ್ಷ ದಾಟುತ್ತದೆ. ಸವೆತದ ಭಯಕ್ಕೆ ಈ ಲೆಕ್ಕವೇ ಉತ್ತರ. ಸ್ವಂತ ಡಿರ್‍ಯಾಮ್ ಇಲ್ಲದ ಅಗ್ಗದ ಎನ್‌ವಿಎಂಇ ಡ್ರೈವ್‌ಗಳು ಕಂಪ್ಯೂಟರ್‌ನ ರ್‍ಯಾಮ್‌ನಲ್ಲೇ ಸ್ವಲ್ಪ ಜಾಗ ಎರವಲು ಪಡೆಯುತ್ತವೆ. ಲಿನಕ್ಸ್ 4.13ರಿಂದ ಈ ಸೌಲಭ್ಯವಿದೆ, ಮನೆಬಳಕೆಗೆ ಸಾಕು.

ಅಳವಡಿಸುವಾಗ ಹೆಚ್ಚಾಗಿ ಎದುರಾಗುವ ತೊಡಕೆಂದರೆ ಇನ್‌ಸ್ಟಾಲರ್‌ಗೆ ಡ್ರೈವ್ ಕಾಣದಿರುವುದು. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಫರ್ಮ್‌ವೇರ್ ಸೆಟ್ಟಿಂಗ್ಸ್‌ನಲ್ಲಿ ಸಂಗ್ರಹ ವಿಧಾನ ಆರ್‌ಎಸ್‌ಟಿ ಅಥವಾ ರೇಡ್ ಎಂದಿದ್ದರೆ ಹೀಗಾಗಬಹುದು. ಅದನ್ನು ಎಎಚ್‌ಸಿಐಗೆ ಬದಲಿಸಿದರೆ ಡ್ರೈವ್ ಕಾಣಿಸಿಕೊಳ್ಳುತ್ತದೆ. ಪಕ್ಕದಲ್ಲೇ ವಿಂಡೋಸ್ ಇದ್ದರೆ, ಅದಕ್ಕೆ ಮೊದಲು ಸಿದ್ಧತೆ ಮಾಡದೆ ಹೀಗೆ ಬದಲಿಸಿದರೆ ಅದು ಏಳದೆ ಹೋಗಬಹುದು. ಪಾರ್ಟಿಷನ್ ಜೋಡಣೆಯ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ, ಈಗಿನ ಉಪಕರಣಗಳು ತಾವಾಗಿಯೇ 1 ಎಂಐಬಿ ಗಡಿಯಿಂದ ಶುರುಮಾಡುತ್ತವೆ. ಫೈಲ್ ಸಿಸ್ಟಮ್ ಎಕ್ಸ್ಟ್4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ಗಳಲ್ಲಿ ಯಾವುದಾದರೂ ಆದೀತು.

ಅಳವಡಿಸಿದ ಮೇಲೆ ತಪ್ಪದೆ ಖಚಿತಪಡಿಸಿಕೊಳ್ಳಬೇಕಾದದ್ದು ಟ್ರಿಮ್ ನಡೆಯುತ್ತಿದೆಯೇ ಎಂಬುದು. ಪ್ರತಿ ಬಾರಿ ಕಡತ ಅಳಿಸಿದಾಗಲೂ ಟ್ರಿಮ್ ಕಳಿಸುವ 'ಡಿಸ್ಕಾರ್ಡ್' ಆಯ್ಕೆ ಇದೆ. ಆದರೆ ಎಕ್ಸ್ಟ್4ಗೆ ವಾರಕ್ಕೊಮ್ಮೆ ಒಟ್ಟಾಗಿ ಮಾಡುವ ಎಫ್‌ಎಸ್‌ಟ್ರಿಮ್ ಟೈಮರ್ ಒಳ್ಳೆಯದು. ಉಬುಂಟು ಇದನ್ನು ತಾನೇ ಹೂಡಿಕೊಡುತ್ತದೆ, ಫೆಡೋರಾ 32ರಿಂದ ಹಾಗೆ ಮಾಡುತ್ತಿದೆ. ಆರ್ಚ್‌ನಲ್ಲಿ ಬಳಕೆದಾರರೇ ಸಿಸ್ಟಮ್‌ಡಿ ಮೂಲಕ ಚಾಲೂ ಮಾಡಬೇಕು. ಬಿಟಿಆರ್‌ಎಫ್‌ಎಸ್ 6.2 ಕರ್ನಲ್‌ನಿಂದೀಚೆಗೆ ಹಿನ್ನೆಲೆಯಲ್ಲಿ ತಾನಾಗಿಯೇ ಟ್ರಿಮ್ ಕಳಿಸುತ್ತದೆ.

ಲಕ್ಸ್ ಗೂಢಲಿಪೀಕರಣ ಬಳಸುವವರು ಇಲ್ಲಿ ಎಡವುವ ಸಂಭವ ಹೆಚ್ಚು. ಟೈಮರ್ ಓಡುತ್ತಿದ್ದರೂ ಲಕ್ಸ್ ಪದರ ಮೂಲಸ್ಥಿತಿಯಲ್ಲಿ ಟ್ರಿಮ್ ಆದೇಶವನ್ನು ಕೆಳಗೆ ಬಿಡುವುದಿಲ್ಲ. 'ಎಲ್‌ಎಸ್‌ಬಿಎಲ್‌ಕೆ' ಆದೇಶಕ್ಕೆ ಡಿಸ್ಕಾರ್ಡ್ ಆಯ್ಕೆ ಸೇರಿಸಿ ನೋಡಿದರೆ ಭೌತಿಕ ಡ್ರೈವ್‌ನ ಸಾಲಿನಲ್ಲಿ ಒಂದು ಗಾತ್ರ, ಗೂಢಲಿಪಿಯ ಸಾಲಿನಲ್ಲಿ ಸೊನ್ನೆ ಕಾಣುತ್ತದೆ. ಸೊನ್ನೆ ಇದ್ದಲ್ಲಿ ಟ್ರಿಮ್ ನಿಂತಿದೆ ಎಂದರ್ಥ. ಕ್ರಿಪ್ಟ್‌ಟ್ಯಾಬ್ ಕಡತದಲ್ಲಿ ಡಿಸ್ಕಾರ್ಡ್ ಎಂದು ಸೇರಿಸಿದರೆ ಸರಿಹೋಗುತ್ತದೆ. ಹಾಗೆ ಮಾಡಿದಾಗ ಡಿಸ್ಕ್‌ನ ಯಾವ ಜಾಗ ಖಾಲಿ ಇದೆ ಎಂಬುದು ಹೊರಗಿನವರಿಗೆ ತಿಳಿಯಬಹುದು. ಅಂಥ ಗುಟ್ಟೂ ಮುಖ್ಯವಾದವರು ಮಾತ್ರ ಈ ಬದಲಾವಣೆಯನ್ನು ಬಿಟ್ಟುಬಿಡಬೇಕು.

ಸ್ವಾಪ್ ಅನ್ನು ಎಸ್‌ಎಸ್‌ಡಿಯಲ್ಲಿ ಇಡಬಾರದು, ಲಾಗ್‌ಗಳನ್ನು ರ್‍ಯಾಮ್‌ಗೆ ಸಾಗಿಸಬೇಕು, ಜರ್ನಲ್ ತೆಗೆದುಹಾಕಬೇಕು ಎಂಬ ಸಲಹೆಗಳನ್ನು ಕೈಬಿಡಬಹುದು. ಜರ್ನಲ್ ತೆಗೆಯುವುದಂತೂ ಅಪಾಯ: ಕರೆಂಟು ಹೋದಾಗ ಫೈಲ್ ಸಿಸ್ಟಮ್ ಅನ್ನು ಕಾಯುವುದು ಅದೇ.

ಡ್ರೈವ್‌ನ ಆರೋಗ್ಯವನ್ನು 'ಸ್ಮಾರ್ಟ್‌ಸಿಟಿಎಲ್' ತೋರಿಸುತ್ತದೆ. ಎನ್‌ವಿಎಂಇ ವರದಿಯಲ್ಲಿ ಬರೆದ ದತ್ತಾಂಶದ ಒಂದು ಘಟಕ 5,12,000 ಬೈಟ್. 2 ಕೋಟಿ ಘಟಕ ಎಂದಿದ್ದರೆ ಸುಮಾರು 10 ಟಿಬಿ ಬರೆದಿದೆ. ಬಳಕೆಯ ಶೇಕಡಾವಾರು 100 ದಾಟಿದ ಮಾತ್ರಕ್ಕೆ ಡ್ರೈವ್ ಸತ್ತಿದೆ ಎಂದಲ್ಲ, ಮೀಸಲು ಜಾಗ ಕುಗ್ಗುತ್ತಿದ್ದರೆ ಬದಲಿಸುವ ಹೊತ್ತು ಬಂದಿದೆ. ಲ್ಯಾಪ್‌ಟಾಪ್ ಸುಮ್ಮನಿದ್ದಾಗ ಎನ್‌ವಿಎಂಇ ಡ್ರೈವ್ ಇದ್ದಕ್ಕಿದ್ದಂತೆ ಮಾಯವಾಗುತ್ತಿದ್ದರೆ 4.11 ಕರ್ನಲ್‌ನಲ್ಲಿ ಬಂದ ವಿದ್ಯುತ್ ಉಳಿತಾಯದ ವ್ಯವಸ್ಥೆ ಕಾರಣವಿರಬಹುದು. ಬೂಟ್ ಆಯ್ಕೆಯಲ್ಲಿ ಅದನ್ನು ನಿಲ್ಲಿಸಿ ನೋಡಬೇಕು, 'ಎಫ್‌ಡಬ್ಲ್ಯೂಯುಪಿಡಿ' ಮೂಲಕ ಹೊಸ ಫರ್ಮ್‌ವೇರ್ ಸಿಗುವುದೇ ಎಂದೂ ನೋಡಬೇಕು.

ಹಾರ್ಡ್‌ಡಿಸ್ಕ್ ಕೆಡುವ ಮುನ್ನ ಸದ್ದು ಮಾಡಿ ಎಚ್ಚರಿಸುವುದುಂಟು. ಎಸ್‌ಎಸ್‌ಡಿಯ ಕಂಟ್ರೋಲರ್ ಸದ್ದಿಲ್ಲದೆ ಕೈಕೊಡುತ್ತದೆ, ಟ್ರಿಮ್ ಆದ ಕಡತವನ್ನು ಮರಳಿ ಪಡೆಯುವುದೂ ಬಹುತೇಕ ಅಸಾಧ್ಯ. ಆದ್ದರಿಂದ ಬ್ಯಾಕಪ್ ಬೇರೆ ಡ್ರೈವ್‌ನಲ್ಲೇ ಇರಬೇಕು. ಡ್ರೈವ್ ಮಾರುವಾಗ ಸೊನ್ನೆಗಳನ್ನು ಬರೆದು ತುಂಬಿಸುವ ಹಳೆಯ ಕ್ರಮ ಸಾಲದು, ಬಳಕೆದಾರರಿಗೆ ಕಾಣದ ಮೀಸಲು ಬ್ಲಾಕ್‌ಗಳಲ್ಲಿ ಹಳೆಯ ದತ್ತಾಂಶ ಉಳಿದಿರಬಹುದು. ಸೇಟಾ ಡ್ರೈವ್‌ಗೆ 'ಎಚ್‌ಡಿಪಾರ್ಮ್'ನ ಸುರಕ್ಷಿತ ಅಳಿಸುವಿಕೆಯನ್ನೂ, ಎನ್‌ವಿಎಂಇಗೆ 'ಎನ್‌ವಿಎಂಇ-ಸಿಎಲ್ಐ'ಯ ಫಾರ್ಮ್ಯಾಟ್ ಆದೇಶವನ್ನೂ (ಸುರಕ್ಷಿತ ಅಳಿಸುವಿಕೆಯ ಆಯ್ಕೆಯೊಂದಿಗೆ) ಬಳಸಬೇಕು.