ಮುನ್ನೂರರಿಂದ ನೂರಕ್ಕೆ, ನೂರರಿಂದ ಮುನ್ನೂರಕ್ಕೆ

ಮೂರು ಸಲ ಶಾಸಕರಾಗಿದ್ದ ಪಂಪಾಪತಿ ಕಾರ್ಮಿಕರ ಪರ ಇದ್ದರು ಎನ್ನುವುದಕ್ಕೆ ದಾಖಲೆ ಬೇರೆ ಹುಡುಕಬೇಕೇ? ದಾವಣಗೆರೆಯ ಸಿಪಿಐ ಕಚೇರಿಗೇ ಅವರ ಹೆಸರಿದೆ. ಆದರೆ ‘ಪರ’ ಎಂದರೆ ಕಾನೂನಿನ ಲೆಕ್ಕದಲ್ಲಿ ಏನು, ಅದರಿಂದ ಮಿಲ್ಲಿನವನಿಗೆ ಏನು ದಕ್ಕಿತು ಎಂಬುದು ಬೇರೆ ಮಾತು. ನನಗೆ ಬೇಕಿದ್ದದ್ದು ಅದು.

ಮೊದಲು ಬಿಚ್ಚಿದ್ದು ಚುನಾವಣಾ ಆಯೋಗದ ಫಲಿತಾಂಶದ ಪಟ್ಟಿಗಳನ್ನು. 1978, 1983, 1985: ಮೂರರಲ್ಲೂ ದಾವಣಗೆರೆಯ ಎದುರು ಪಂಪಾಪತಿ, ಸಿಪಿಐ. 1978ರಲ್ಲಂತೂ 224 ಸ್ಥಾನಗಳಲ್ಲಿ 149 ಇಂದಿರಾ ಕಾಂಗ್ರೆಸ್ಸಿನ ಪಾಲಾಗಿದ್ದವು. ಸಿಪಿಐ ಗೆದ್ದದ್ದು ಮೂರೇ ಮೂರು. ಅದರಲ್ಲೊಂದು ಈ ಹತ್ತಿ ಗಿರಣಿಗಳ ಊರು.

ಇದು ಅಷ್ಟು ಸಲೀಸಾದ ಗೆಲುವಲ್ಲ. ತುರ್ತುಪರಿಸ್ಥಿತಿಯನ್ನು ಸಿಪಿಐ ಬೆಂಬಲಿಸಿತ್ತು. 1975ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರದ ಸುಗ್ರೀವಾಜ್ಞೆಯೊಂದು ಕನಿಷ್ಠ ಬೋನಸ್ಸನ್ನು ಶೇ 8.33ರಿಂದ ಶೇ 4ಕ್ಕೆ ಇಳಿಸಿತು. ಮರುವರ್ಷ ಅದೇ ಸರ್ಕಾರ ಕೈಗಾರಿಕಾ ವಿವಾದ ಕಾಯ್ದೆಗೆ 5-ಬಿ ಅಧ್ಯಾಯ ಸೇರಿಸಿ, 300 ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಲೇಆಫ್ ಮಾಡಲು, ಆಳು ಕಡಿಮೆ ಮಾಡಲು, ಬಾಗಿಲು ಹಾಕಲು ಸರ್ಕಾರದ ಅನುಮತಿ ಬೇಕೆಂದಿತು. ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಕೊಟ್ಟ ಕಾಲ ಅದು. ಇದೆಲ್ಲ ಆದಮೇಲೂ ದಾವಣಗೆರೆ ತೆನೆ-ಕುಡುಗೋಲಿಗೆ ಮತ ಹಾಕಿತು. ನನಗೆ ಅನ್ನಿಸುವುದಿಷ್ಟು: ಮಿಲ್ಲಿನವರು ಅಳೆದದ್ದು ದೆಹಲಿಯ ಪಕ್ಷವನ್ನಲ್ಲ, ಗೇಟಿನ ಮುಂದೆ ನಿಂತ ಮನುಷ್ಯನನ್ನು.

1978ರಲ್ಲೇ ಎಕ್ಸೆಲ್ ವೇರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಾಗಿಲು ಹಾಕಲು ಅನುಮತಿ ಕೇಳುವ ಕಲಮನ್ನು ಹೊಡೆದುಹಾಕಿತು. ಸಂಸತ್ತು 1982ರಲ್ಲಿ ಅದನ್ನು ತಿದ್ದಿ ಮತ್ತೆ ತಂದು, 300 ಎಂಬುದನ್ನು 100ಕ್ಕೆ ಇಳಿಸಿತು. ಜಾರಿಗೆ ಬಂದದ್ದು 1984ರಲ್ಲಿ. ಆಗ ಪಂಪಾಪತಿ ವಿಧಾನಸಭೆಯಲ್ಲಿದ್ದರು. ಕಾಯ್ದೆ ಕೇಂದ್ರದ್ದೇ, ನಿಜ. ಆದರೆ ಖಾಸಗಿ ಗಿರಣಿಯೊಂದು ಮುಚ್ಚುತ್ತೇನೆಂದು ಅರ್ಜಿ ಹಾಕಿದರೆ ಕಡತ ಬರುವುದು ಬೆಂಗಳೂರಿಗೆ. ಕಾರ್ಮಿಕ ಶಾಸಕನ ತೂಕ ಗೊತ್ತಾಗುವುದು ಅಲ್ಲಿ, ಭಾಷಣದಲ್ಲಲ್ಲ.

ಇನ್ನು ಕಾರ್ಮಿಕನಿಗೆ ದಕ್ಕಿದ್ದೇನು ಎಂಬುದಕ್ಕೆ ಪಕ್ಕದ ಹರಿಹರದ ಕಾಗದ ಸಿಕ್ಕಿದ್ದು ಕಾನೂನು ವರದಿಗಳಲ್ಲಿ. ಹೆಸರು ಹರಿಹರ ಪಾಲಿಫೈಬರ್ಸ್; ಕಾರ್ಖಾನೆ ಇರುವುದು ಹೊಳೆಯಾಚೆ ಕುಮಾರಪಟ್ಟಣದಲ್ಲಿ, ಆಗಿನ ಧಾರವಾಡ ಜಿಲ್ಲೆಯಲ್ಲಿ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವಂತಿಗೆ ಲೆಕ್ಕ ಹಾಕುವಾಗ ಯಾವುದೆಲ್ಲ ಸಂಬಳ ಎಂಬುದು ತಗಾದೆ. ತೀರ್ಪಿನಲ್ಲಿ ಕಾರ್ಮಿಕನ ಪಗಾರದ ಚೀಟಿಯೇ ಬಿಚ್ಚಿಕೊಂಡು ನಿಲ್ಲುತ್ತದೆ: ಮನೆ ಬಾಡಿಗೆ ಭತ್ಯೆ, ರಾತ್ರಿ ಪಾಳಿ ಭತ್ಯೆ, ಪ್ರೋತ್ಸಾಹ ಭತ್ಯೆ, ಜೊತೆಗೆ ಬಿಸಿ-ಅನಿಲ-ಧೂಳಿನ ಭತ್ಯೆ. ಕುಡಿದ ಧೂಳಿಗೂ ಒಂದು ಬಾಬ್ತು! ಇದೆಲ್ಲವೂ ಸಂಬಳವೇ ಎಂದು 1984ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾಯಿಲೆ ಬಿದ್ದವನಿಗೆ ಇಎಸ್‌ಐ ಕೊಡುವ ಹಣ ಸಂಬಳದ ಮೇಲೇ ನಿಂತಿರುವುದರಿಂದ ಇದು ಬರೀ ಶಬ್ದದ ಜಗಳವಲ್ಲ.

ಅನುಮತಿಯ ಕಲಮು ಮಿಲ್ಲುಗಳನ್ನು ಉಳಿಸಿತೇ? ಇಲ್ಲ. ಕಲಮು ಬರುವ ಮೊದಲೇ, 1974ರಲ್ಲಿ ಕೇಂದ್ರ ರಾಷ್ಟ್ರೀಕರಿಸಿದ 103 ರೋಗಗ್ರಸ್ತ ಗಿರಣಿಗಳ ಪಟ್ಟಿಯಲ್ಲಿ ದಾವಣಗೆರೆ ತಾಲ್ಲೂಕಿನ ಯಲ್ಲಮ್ಮ ನಗರದ ಮಿಲ್ಲೂ ಇದೆ. ಕಲಮು ಬಂದ ಮೇಲೂ ಗಿರಣಿಗಳು ಒಂದೊಂದಾಗಿ ನಿಂತವು. 1941ರಲ್ಲಿ ಹರಿಹರದಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ಮುಚ್ಚಿತು. ನಷ್ಟದಲ್ಲಿ ಬಿದ್ದು, ಕರೆಂಟು ಬಿಲ್ಲು ಕಟ್ಟಲಾಗದೆ, ಸಂಬಳ ಬಾಕಿ ಉಳಿಸಿಕೊಂಡು ತಣ್ಣಗೆ ನಿಲ್ಲುವ ಕಾರ್ಖಾನೆ ಯಾರ ಅನುಮತಿಯನ್ನೂ ಕೇಳುವುದಿಲ್ಲ. ಕೆಂಬಾವುಟದ ಕೈ ಸೋತದ್ದು ಈ ಜಾಗದಲ್ಲಿ ಎಂದೇ ನನ್ನ ಎಣಿಕೆ.

1989ರ ಪಟ್ಟಿಯಲ್ಲಿ ದಾವಣಗೆರೆಯ ಎದುರು ಯಜಮಾನ್ ಮೋತಿ ವೀರಣ್ಣ, ಕಾಂಗ್ರೆಸ್. ಮುಂದೆ ಕಾನೂನೂ ಹಿಂದಕ್ಕೆ ಸರಿಯಿತು: 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ, ಅನುಮತಿ ಬೇಕಾಗುವ ಆ 100 ಎಂಬ ಅಂಕಿಯನ್ನು ಮತ್ತೆ 300ಕ್ಕೆ ಏರಿಸಿತು. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸು ಕೊಡಬೇಕೆಂಬ ನಿಯಮವೂ ಈಗ ಎಲ್ಲ ಕಾರ್ಖಾನೆಗಳಿಗೆ ಬಂದಿದೆ.